ಅಟ್ಟದ ಮೇಲಿನ ತೊಟ್ಟಿ

ನಮ್ಮ ಗಡಿ ಊರುಗಳಿಂದ ಹೋಗಿ ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡವರು ಈಗ ಅಲ್ಲಲ್ಲಿ ಇದ್ದಾರೆ. ಅಲ್ಲಿ ಹಳೆಯದೊಂದು ಮನೆ ಕೊಂಡು, ಅದರ ಬಚ್ಚಲನ್ನು ಹೊಸದಾಗಿ ಮಾಡಿಸಲು ಹೊರಟರೆ ನಲ್ಲಿ ಕೆಲಸದವನು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ‘ನಿಮಗೆ ಎಲೆಕ್ಟ್ರಿಕ್ ಶವರ್ ಬೇಕೋ, ಪಂಪಿನ ಶವರ್ ಬೇಕೋ?’ ಇದನ್ನು ಕೇಳಿದ ನಮ್ಮವರಿಗೆ ತಲೆಬುಡ ತಿಳಿಯುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರಬೇಕು, ಬಿಸಿಯಾಗಿರಬೇಕು, ಅಷ್ಟೇ ತಾನೇ? ಇದರಲ್ಲಿ ಪಂಪು ಯಾಕೆ ಬಂತು? ಕಾರು, ರೈಲು, ಆಸ್ಪತ್ರೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಂಡ ದೇಶದಲ್ಲಿ ಸ್ನಾನದ ನೀರು ತಲೆಯ ಮೇಲೆ ಬೀಳುವುದಕ್ಕೆ ಮೋಟಾರು ಬೇಕಾಗುತ್ತದೆ ಎಂದರೇನು?

ಆ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಸುಮಾರು ಇನ್ನೂರೈವತ್ತು ವರ್ಷಗಳ ಹಿಂದಕ್ಕೆ ಹೋಗುತ್ತದೆ. ಇವತ್ತು ಆ ಕಥೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಅದು ಬರೀ ಇಂಗ್ಲಿಷರ ಕಥೆ ಎಂದು ರೇಡಿಯೋ ಆರಿಸಬೇಡಿ. ಕಡೆಗೆ ಅದು ನಿಮ್ಮ ಮಹಡಿಯ ಮೇಲಿನ ಕಪ್ಪು ಟ್ಯಾಂಕಿಗೇ ಬಂದು ಸೇರುತ್ತದೆ.

ಮೊದಲು ನಮ್ಮ ಬಚ್ಚಲನ್ನೇ ನೆನಪಿಸಿಕೊಳ್ಳಿ. ಮೂಲೆಯಲ್ಲಿ ಮಣ್ಣಿನ ಕಟ್ಟೆ, ಅದರಲ್ಲಿ ಹೂತ ತಾಮ್ರದ ಹಂಡೆ, ಕೆಳಗೆ ಒಲೆ. ಕಾಸರಗೋಡಿನ ಕಡೆ ಅದಕ್ಕೆ ಅಡಕೆ ಸಿಪ್ಪೆ, ತೆಂಗಿನ ಮಡಲು. ಬಯಲುಸೀಮೆಯಲ್ಲಿ ತೊಗರಿ ಕಟ್ಟಿಗೆ, ಜಾಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಿಗೆ ಬಂಬ ಗೊತ್ತು: ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಬದಿಗೊಂದು ತೋಟಿ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಈ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣು ಇಟ್ಟು ಪೂಜೆ ಮಾಡುತ್ತೇವೆ. ಹಂಡೆ ಹೋಗಿ ಗೀಸರು ಬಂದ ಮನೆಯಲ್ಲಿ ಗೃಹಿಣಿ ಬಳ್ಳಿಯನ್ನು ಗೀಸರಿನ ಕೊಳವೆಗೇ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಇಂಗ್ಲೆಂಡಿನ ಸಾಮಾನ್ಯರ ಮನೆಯಲ್ಲಿಯೂ ಇಂಥದೇ ಒಂದು ಹಂಡೆ ಇತ್ತು. ಪಾತ್ರೆ ತೊಳೆಯುವ ಕೋಣೆಯ ಮೂಲೆಯಲ್ಲಿ ಇಟ್ಟಿಗೆಯ ಕಟ್ಟೆ, ಅದರಲ್ಲಿ ಕೂರಿಸಿದ ಕೊಪ್ಪರಿಗೆ, ಅಡಿಯಲ್ಲಿ ಕಲ್ಲಿದ್ದಲಿನ ಬೆಂಕಿ. ಅದಕ್ಕೆ ಅವರು ಕರೆಯುತ್ತಿದ್ದ ಹೆಸರು ‘ಕಾಪರ್’, ಅಂದರೆ ತಾಮ್ರ. ವಾರದ ಬಟ್ಟೆ ಕುದಿಯುತ್ತಿದ್ದುದೂ ಅದರಲ್ಲೇ, ಶನಿವಾರ ರಾತ್ರಿ ಮನೆಮಂದಿಯ ಸ್ನಾನಕ್ಕೆ ನೀರು ಕಾಯುತ್ತಿದ್ದುದೂ ಅದರಲ್ಲೇ. ಗೋಡೆಗೆ ತೂಗುಹಾಕಿದ ತಗಡಿನ ತೊಟ್ಟಿಯನ್ನು ಇಳಿಸಿ ಬೆಂಕಿಗೂಡಿನ ಮುಂದೆ ಇಟ್ಟು ಒಬ್ಬರಾದ ಮೇಲೊಬ್ಬರು ಅದೇ ನೀರಿನಲ್ಲಿ ಕೂರುತ್ತಿದ್ದರು. ಇದು ಬಹಳ ಹಿಂದಿನ ಮಾತು ಎಂದುಕೊಳ್ಳಬೇಡಿ. 1951ರ ಜನಗಣತಿಯ ಹೊತ್ತಿಗೂ ಅಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳ ಮನೆಯಲ್ಲಿ ಕೂರಿಸಿದ ಸ್ನಾನದ ತೊಟ್ಟಿ ಇರಲಿಲ್ಲ.

ಆದರೆ ಶವರ್ ಎಂಬ ವಸ್ತು ಅದಕ್ಕೂ ಬಹಳ ಹಿಂದೆಯೇ ಹುಟ್ಟಿತ್ತು. ವಿಚಿತ್ರವೆಂದರೆ ಅದು ಹುಟ್ಟಿದ್ದೇ ಪಂಪಿನ ಜೊತೆಗೆ. 1767ರಲ್ಲಿ ಲಂಡನ್ನಿನ ಲಡ್‌ಗೇಟ್ ಹಿಲ್‌ನಲ್ಲಿ ಒಲೆ ಮಾಡುತ್ತಿದ್ದ ವಿಲಿಯಂ ಫೀಥಮ್ ಎಂಬವನು ಒಂದು ಸಲಕರಣೆಗೆ ಪೇಟೆಂಟ್ ಪಡೆದ. ಕೆಳಗಿನ ನೀರನ್ನು ಕೈಪಂಪಿನಿಂದ ತಲೆಯ ಮೇಲಿನ ಪಾತ್ರೆಗೆ ಏರಿಸಬೇಕು, ಆಮೇಲೆ ಸರಪಳಿ ಎಳೆಯಬೇಕು, ಪಾತ್ರೆಯಲ್ಲಿದ್ದಷ್ಟೂ ನೀರು ಒಮ್ಮೆಗೇ ಮೈಮೇಲೆ. ನೀರೋ ತಣ್ಣೀರು. ಇಂಗ್ಲೆಂಡಿನ ಚಳಿಯಲ್ಲಿ ಇದನ್ನು ಎಷ್ಟು ಜನ ಇಷ್ಟಪಟ್ಟಿರಬಹುದೆಂದು ನೀಲಗಿರಿಯ ನಮ್ಮ ಕೇಳುಗರು ಊಹಿಸಬಲ್ಲರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಶ್ರೀಮಂತರಿಗಾಗಿ ಹತ್ತು ಅಡಿಗೂ ಎತ್ತರದ ಶವರುಗಳು ಬಂದವು. ಲೋಹದ ಕೊಳವೆಗಳಿಗೆ ಬಿದಿರಿನಂತೆ ಕಾಣುವ ಬಣ್ಣ. ಮೇಲಿನಿಂದ ಬಿದ್ದ ನೀರು ಕೆಳಗಿನ ತೊಟ್ಟಿಯಲ್ಲಿ ಸೇರಿ, ಪಂಪಿನಿಂದ ಮತ್ತೆ ಮೇಲೇರಿ, ಮತ್ತೆ ಅದೇ ಮೈಮೇಲೆ ಬೀಳುತ್ತಿತ್ತು. ಮಡಿಯ ಮಾತು ಹಾಗಿರಲಿ, ನೀರಿನ ಉಳಿತಾಯವೆಂದರೆ ಉಳಿತಾಯ.

ಆಗ ಪಂಪು ಬೇಕಾದದ್ದು ಮನೆಯೊಳಗೆ ಕೊಳವೆಯ ನೀರು ಎತ್ತರಕ್ಕೆ ಏರುತ್ತಿರಲಿಲ್ಲವಾದ್ದರಿಂದ. ಕೊಳವೆ ಬಂದ ಮೇಲೂ ಅದು ಯಾಕೆ ಹೋಗಲಿಲ್ಲ ಎಂಬುದನ್ನು ತಿಳಿಯಲು ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಮನೆಗೆ ಹೋಗೋಣ. 1851ರಲ್ಲಿ ಆತ ಲಂಡನ್ನಿನ ಟ್ಯಾವಿಸ್ಟಾಕ್ ಹೌಸ್ ಎಂಬ ಮನೆಯನ್ನು ಹಿಡಿದು ರಿಪೇರಿ ಮಾಡಿಸಿದ. ಕೆಲಸದ ಉಸ್ತುವಾರಿ ತಂಗಿಯ ಗಂಡ ಹೆನ್ರಿ ಆಸ್ಟಿನ್‌ನದು. ಅವನಿಗೆ ಬರೆದ ಕಾಗದಗಳಲ್ಲಿ ಡಿಕನ್ಸ್ ಬಚ್ಚಲಿನ ಬಗ್ಗೆ ಬಲು ಕಟ್ಟುನಿಟ್ಟು: ಉತ್ತಮ ದರ್ಜೆಯ ತಣ್ಣೀರ ಶವರ್ ಬೇಕು, ಅದಕ್ಕೆ ನೀರಿನ ಕೊರತೆ ಎಂದೂ ಆಗಬಾರದು. ದಿನವೂ ಬೆಳಿಗ್ಗೆ ಅದರ ಕೆಳಗೆ ನಿಲ್ಲುವುದು ಆತನ ಪದ್ಧತಿ.

ಶವರ್ ಬಂತು. ನೀರು? ಆ ಭಾಗಕ್ಕೆ ನೀರು ಕೊಡುತ್ತಿದ್ದುದು ನ್ಯೂ ರಿವರ್ ಕಂಪನಿ. 1613ರಲ್ಲಿ ಕಾಲುವೆ ತೋಡಿ ಲಂಡನ್ನಿಗೆ ನೀರು ತಂದ ಹಳೆಯ, ದೊಡ್ಡ ಕಂಪನಿ. ಸ್ನಾನದ ತೊಟ್ಟಿಗೆಂದು ಹೆಚ್ಚಿನ ದುಡ್ಡು ಕಟ್ಟುತ್ತಿದ್ದರೂ ಸೋಮವಾರ ಬೆಳಿಗ್ಗೆ ತನ್ನ ಮನೆ ಒಣಗಿ ಕೂತಿರುತ್ತದೆ, ಕಂಪನಿಯೇ ಇಲ್ಲವೇನೋ ಎಂಬಂತೆ, ಎಂದು ಡಿಕನ್ಸ್ ಅದಕ್ಕೆ ದೂರು ಬರೆಯಬೇಕಾಯಿತು. ಲೋಕವೆಲ್ಲ ಓದುತ್ತಿದ್ದ ಲೇಖಕ, ದುಡ್ಡಿದ್ದವನು, ಮೈದುನನೇ ಸರಕಾರದ ಆರೋಗ್ಯ ಮಂಡಳಿಯ ಕಾರ್ಯದರ್ಶಿ. ಆದರೂ ಸೋಮವಾರ ಬೆಳಿಗ್ಗೆ ನೀರಿಲ್ಲ. ಸೊಲ್ಲಾಪುರದಲ್ಲಿ ನಳ ಬರುವ ದಿನವನ್ನು ಎಣಿಸಿಕೊಂಡು ಕೂತ ನಮ್ಮ ಅಕ್ಕತಂಗಿಯರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಂಡನ್ನಿನಲ್ಲಿ ಆಗ ನೀರು ಹಂಚುತ್ತಿದ್ದವರು ಖಾಸಗಿ ಕಂಪನಿಗಳು. ದಿನಕ್ಕೆ ಕೆಲವು ಗಂಟೆ ಮಾತ್ರ ಒಂದೊಂದು ಕೇರಿಗೆ ಕೀಲಿ ತಿರುಗಿಸಿ ನೀರು ಬಿಡುತ್ತಿದ್ದರು. ಭಾನುವಾರ ಹಲವು ಕೇರಿಗಳಿಗೆ ಅದೂ ಇಲ್ಲ. ಬಿಟ್ಟಾಗ ಹಿಡಿದಿಡಬೇಕು. ಬಡವರು ಬೀದಿಯ ನಲ್ಲಿಗೆ ಬಕೆಟ್ಟು ಹಿಡಿದು ನಿಂತರು. ಉಳ್ಳವರು ಮನೆಯಲ್ಲಿ ತೊಟ್ಟಿ ಕೂರಿಸಿದರು. ತೊಟ್ಟಿ ಎತ್ತರದಲ್ಲಿದ್ದರೆ ನೀರು ತಾನಾಗಿ ಕೆಳಗಿಳಿಯುತ್ತದೆ, ಆದ್ದರಿಂದ ಅದು ನಿಧಾನವಾಗಿ ಮಾಡಿನ ಕೆಳಗಿನ ಅಟ್ಟಕ್ಕೆ ಏರಿತು. ಇಂಗ್ಲಿಷರ ಮನೆಯ ಅಟ್ಟದ ತೊಟ್ಟಿಯ ಬೇರು ಇಲ್ಲಿದೆ.

ಬಿಟ್ಟು ಬಿಟ್ಟು ಬರುವ ನೀರಿಗೆ ಇನ್ನೊಂದು ಕೆಡುಕು ಇದೆ, ಅದನ್ನು ಸ್ವಲ್ಪ ನಿಂತು ಕೇಳಬೇಕು. ಕೊಳವೆಯಲ್ಲಿ ಸದಾ ನೀರು ಒತ್ತಡದಿಂದ ತುಂಬಿದ್ದರೆ, ಎಲ್ಲಾದರೂ ಬಿರುಕಿದ್ದಲ್ಲಿ ಒಳಗಿನ ನೀರು ಹೊರಗೆ ಸೋರುತ್ತದೆ. ನಷ್ಟ, ಆದರೆ ಅಪಾಯವಿಲ್ಲ. ನೀರು ನಿಲ್ಲಿಸಿ ಕೊಳವೆ ಖಾಲಿಯಾಗುವಾಗ ಅದೇ ಬಿರುಕಿನಿಂದ ಹೊರಗಿನ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವುದು ಅದೇ. ನಾಟಿಂಗ್‌ಹ್ಯಾಮಿನ ಇಂಜಿನಿಯರ್ ಥಾಮಸ್ ಹಾಕ್ಸ್‌ಲಿ 1831ರಲ್ಲಿಯೇ ತನ್ನ ಊರಿನಲ್ಲಿ ಹಗಲು ರಾತ್ರಿ ಒತ್ತಡದಲ್ಲಿ ನೀರು ಕೊಟ್ಟು ತೋರಿಸಿದ್ದ. ಲಂಡನ್ನಿನ ಕಂಪನಿಗಳು ಒಪ್ಪಲಿಲ್ಲ. ಸದಾ ನೀರು ಬಿಟ್ಟರೆ ಜನ ಪೋಲು ಮಾಡುತ್ತಾರೆ ಎಂಬುದು ಅವರ ವಾದ. 1852ರಲ್ಲಿ ಒಂದು ಕಾಯ್ದೆ ಬಂತು. ಅದು ಸಾಲದೆ 1871ರಲ್ಲಿ ಮತ್ತೊಂದು ಬಂತು. ನಡುವೆ 1854ರಲ್ಲಿ, 1866ರಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಬಹುಭಾಗಕ್ಕೆ ನಿರಂತರ ನೀರು ಬಂತು, 1904ರಲ್ಲಿ ಕಂಪನಿಗಳನ್ನೆಲ್ಲ ಒಂದು ಸಾರ್ವಜನಿಕ ಮಂಡಳಿ ವಹಿಸಿಕೊಂಡಿತು.

ಹಾಗಾದರೆ ಅಟ್ಟದ ತೊಟ್ಟಿ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಅಭ್ಯಾಸವೂ ನಿಯಮವೂ ಸೇರಿ ಅದನ್ನು ಉಳಿಸಿದವು. ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿದರೆ ಅದು ಹಿಗ್ಗಿ ಸಿಡಿಯಬಹುದು, ಮನೆಯ ಬಳಸಿದ ನೀರು ಊರಿನ ಕೊಳವೆಗೆ ಹಿಂದಕ್ಕೆ ಹೋಗಬಹುದು ಎಂಬ ಹೆದರಿಕೆ. ಅದಕ್ಕಾಗಿ ಬಿಸಿನೀರಿನ ಉರುಳೆಗೆ ನೀರು ಅಟ್ಟದ ತೊಟ್ಟಿಯಿಂದಲೇ ಇಳಿದು ಬರಬೇಕು, ನೇರವಾಗಿ ಊರಿನ ಕೊಳವೆಯಿಂದ ಬರಕೂಡದು ಎಂಬ ಕಟ್ಟಳೆ 1980ರ ದಶಕದ ನಡುವಿನವರೆಗೂ ನಡೆಯಿತು. ಹೀಗಾಗಿ ಒಂದೇ ಮನೆಯಲ್ಲಿ ಎರಡು ಬಗೆಯ ನೀರು. ಅಡುಗೆಮನೆಯ ನಲ್ಲಿಯಲ್ಲಿ ಊರಿನ ಕೊಳವೆಯ ಜೋರು ನೀರು, ಬಚ್ಚಲಿನಲ್ಲಿ ಅಟ್ಟದಿಂದ ಇಳಿಯುವ ಮೆಲ್ಲನೆಯ ನೀರು.

ಲೆಕ್ಕ ಸುಲಭ. ನೀರು ಒಂದು ಮೀಟರ್ ಎತ್ತರದಿಂದ ಇಳಿದರೆ ಅದಕ್ಕೆ ಬರುವ ಒತ್ತಡ ಒಂದು ಬಾರ್‌ನ ಹತ್ತನೆಯ ಒಂದು ಪಾಲು. ಟ್ಯಾಂಕಿ ಎಷ್ಟು ಅಗಲ, ಎಷ್ಟು ದೊಡ್ಡದು ಎಂಬುದು ಲೆಕ್ಕಕ್ಕಿಲ್ಲ, ಎತ್ತರವೊಂದೇ. ಮೇಲಂತಸ್ತಿನ ಬಚ್ಚಲಿನಲ್ಲಿ ಶವರಿನ ತಲೆಗೂ ಅಟ್ಟದ ತೊಟ್ಟಿಗೂ ಇರುವ ಅಂತರ ಒಂದೆರಡು ಮೀಟರ್ ಮಾತ್ರ. ಕೂರುವ ತೊಟ್ಟಿ ತುಂಬಿಸಲು ಅದು ಸಾಕು, ನಿಂತು ಮೀಯಲು ಸಾಲದು. ಕೂತು ಮೀಯುವ ಜನ ನಿಂತು ಮೀಯಲು ಹೊರಟಾಗ, ಅಂದರೆ ಹೆಚ್ಚುಕಡಿಮೆ 1970ರ ದಶಕದಿಂದೀಚೆಗೆ, ಈ ತೊಡಕು ಮನೆಮನೆಗೆ ಬಂತು. ಅದರಿಂದ ತಪ್ಪಿಸಿಕೊಳ್ಳಲು ಎರಡು ದಾರಿಗಳಾದವು, ನಮ್ಮ ನಲ್ಲಿ ಕೆಲಸದವನು ಕೇಳುವ ಎರಡು ಹೆಸರುಗಳು ಅವೇ.

ಪಂಪಿನ ಶವರ್ ಅಟ್ಟದ ತೊಟ್ಟಿಯನ್ನು ಒಪ್ಪಿಕೊಳ್ಳುತ್ತದೆ. ತೊಟ್ಟಿಯ ತಣ್ಣೀರನ್ನೂ ಉರುಳೆಯ ಬಿಸಿನೀರನ್ನೂ ಮೋಟಾರಿನಿಂದ ತಳ್ಳುತ್ತದೆ. ನಿಮಿಷಕ್ಕೆ ಹನ್ನೆರಡು, ಹದಿನೈದು ಲೀಟರ್ ಧಾರಾಳವಾಗಿ ಬೀಳುತ್ತದೆ. ಆದರೆ ಕಾಯ್ದ ನೀರು ಇರುವಷ್ಟು ಹೊತ್ತು ಮಾತ್ರ. 120 ಲೀಟರಿನ ಉರುಳೆ ಒಬ್ಬರು ಕಾಲು ಗಂಟೆ ನಿಂತರೆ ಮುಗಿದೇಹೋಯಿತು, ಮುಂದಿನವರು ಕಾಯಬೇಕು. ಗುರ್ ಎಂಬ ಸದ್ದು ಬೇರೆ, ಬೆಳಗಿನ ಜಾವ ಮನೆಯೆಲ್ಲ ಏಳಬೇಕು.

ಎಲೆಕ್ಟ್ರಿಕ್ ಶವರ್ ತೊಟ್ಟಿಯನ್ನೇ ಬಿಟ್ಟು ಹೋಗುತ್ತದೆ. ಊರಿನ ಕೊಳವೆಯ ತಣ್ಣೀರನ್ನು ನೇರವಾಗಿ ಎಳೆದುಕೊಂಡು, ಹರಿಯುತ್ತಿರುವಾಗಲೇ ಕಾಯಿಸಿ ತಲೆಗೆ ಬಿಡುತ್ತದೆ. ಎಷ್ಟು ಜನ ಮಿಂದರೂ ಮುಗಿಯುವುದಿಲ್ಲ. ಅದಕ್ಕೆ ಬೇಕಾದ ಕರೆಂಟು ಮಾತ್ರ ಏಳರಿಂದ ಹತ್ತೂವರೆ ಕಿಲೋವಾಟ್, ಅದಕ್ಕೆಂದೇ ಮೀಟರ್ ಹಲಗೆಯಿಂದ ಬೇರೆ ದಪ್ಪ ತಂತಿ ಎಳೆಯಬೇಕು. ಅಷ್ಟಾದರೂ ಚಳಿಗಾಲದಲ್ಲಿ ಕೊಳವೆಯ ನೀರು ಐದು ಡಿಗ್ರಿ ಇದ್ದಾಗ ಎಂಟೂವರೆ ಕಿಲೋವಾಟಿನ ಶವರ್ ಮೈಗೆ ಹಿತವಾದ ನೀರನ್ನು ಕೊಡುವುದು ನಿಮಿಷಕ್ಕೆ ಮೂರೂವರೆ ಲೀಟರ್. ನಮ್ಮ ಒಂದು ದೊಡ್ಡ ತಂಬಿಗೆಯನ್ನು ಅರ್ಧ ನಿಮಿಷಕ್ಕೊಮ್ಮೆ ಸುರಿದುಕೊಂಡಂತೆ.

ಆದ್ದರಿಂದ ಅಲ್ಲಿರುವ ನಮ್ಮವರು ರುಚಿ ನೋಡಿ ಆರಿಸುವಂತಿಲ್ಲ. ಅಟ್ಟಕ್ಕೆ ಹತ್ತಿ ನೋಡಬೇಕು. ತೊಟ್ಟಿಯೂ ಉರುಳೆಯೂ ಇದ್ದರೆ ಪಂಪು ಆಗುತ್ತದೆ. ತೊಟ್ಟಿ ತೆಗೆದು ಗೋಡೆಯ ಗ್ಯಾಸ್ ಬಾಯ್ಲರಿನಿಂದ ನೇರ ಬಿಸಿನೀರು ಬರುವ ಮನೆಯಾದರೆ ಪಂಪಿಗೆ ಅಲ್ಲಿ ಜಾಗವೇ ಇಲ್ಲ. ಊರಿನ ಕೊಳವೆಗೇ ಪಂಪು ಹಚ್ಚುತ್ತೇನೆ ಎಂದರೆ, ನಿಮಿಷಕ್ಕೆ 12 ಲೀಟರಿಗಿಂತ ಹೆಚ್ಚು ಎಳೆಯುವುದಾದರೆ 1999ರ ನಿಯಮಗಳ ಪ್ರಕಾರ ನೀರಿನ ಕಂಪನಿಯ ಒಪ್ಪಿಗೆ ಬೇಕು. ಹಾಕ್ಸ್‌ಲಿ ಹೇಳಿದ ಬಿರುಕಿನ ಮಾತು ನೆನಪಿದೆಯಲ್ಲ?

ಇನ್ನು ನಮ್ಮ ಕಡೆಗೆ ತಿರುಗೋಣ. ಅದಕ್ಕೆ ಗೀಸರು ಎಂಬ ಮಾತೇ ಸೇತುವೆ. ಐಸ್‌ಲ್ಯಾಂಡ್ ದೇಶದಲ್ಲಿ ನೆಲದಿಂದ ಬಿಸಿನೀರು ಚಿಮ್ಮುವ ಒಂದು ಬುಗ್ಗೆಯ ಹೆಸರು ಗೇಸಿರ್. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾನ್ ಎಂಬ ಬಣ್ಣದ ಕೆಲಸದವನು ಗ್ಯಾಸಿನ ಉರಿಯಲ್ಲಿ ಹರಿಯುವ ನೀರನ್ನು ಕಾಯಿಸುವ ಯಂತ್ರ ಮಾಡಿ ಅದಕ್ಕೆ ಆ ಬುಗ್ಗೆಯ ಹೆಸರಿಟ್ಟ. ಇಂಗ್ಲೆಂಡಿನಲ್ಲಿ ಈಗ ಆ ಮಾತು ಹೆಚ್ಚುಕಡಿಮೆ ಮರೆತುಹೋಗಿದೆ. ನಮ್ಮಲ್ಲಿ ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳ ಯಾವ ಮಾತಿನವರ ಮನೆಗೆ ಹೋದರೂ ಅದು ಗೀಸರೇ.

ಮಾನ್‌ನ ಯಂತ್ರಕ್ಕೆ ಹೊಗೆ ಹೋಗುವ ಕೊಳವೆ ಇರಲಿಲ್ಲ. ಉರಿದ ಗಾಳಿಯೆಲ್ಲ ಬಚ್ಚಲಿನಲ್ಲೇ ತುಂಬುತ್ತಿತ್ತು. ಆಮೇಲೆ ಬಂದವರು ಅದನ್ನು ತಿದ್ದಿದರು. ಜರ್ಮನಿಯಲ್ಲಿ 1890ರ ದಶಕದಲ್ಲಿ ಅದನ್ನು ಸುಧಾರಿಸಿದ ಹ್ಯೂಗೋ ಯುಂಕರ್ಸ್ ಮುಂದೆ ವಿಮಾನ ಮಾಡಿ ಹೆಸರಾದವನು. ಆದರೆ ಆ ಮೊದಲ ತಪ್ಪು ನಮ್ಮ ಊರುಗಳಲ್ಲಿ ಮತ್ತೆ ಹುಟ್ಟಿದೆ. ಸಿಲಿಂಡರಿಗೆ ಹಚ್ಚುವ ಸಣ್ಣ ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ, ಐದಡಿ ಆರಡಿಯ ಬಚ್ಚಲಿನೊಳಗೇ ತೂಗುಹಾಕುತ್ತಾರೆ. ಬಾಗಿಲು ಹಾಕಿ ಸ್ನಾನಕ್ಕೆ ನಿಂತವರು ಹೊರಗೆ ಬಾರದೆ, ಬಾಗಿಲು ಒಡೆದಾಗ ನೆಲದ ಮೇಲೆ ಸಿಕ್ಕ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್ ಎಂಬ ಗಾಳಿ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹೊಗೆಯಾದರೆ ಕಣ್ಣುರಿದು ಹೊರಗೆ ಓಡಿ ಬರುತ್ತೇವೆ. ನಮ್ಮ ಹಳೆಯ ಬಚ್ಚಲಿನ ಒಲೆ ಹೊಗೆಯಾಡುತ್ತಿತ್ತು ನಿಜ, ಆದರೆ ಹೆಂಚಿನ ಸಂದು ತೆರೆದಿತ್ತು, ಗೋಡೆ ಮಾಡಿಗೆ ಮುಟ್ಟುತ್ತಿರಲಿಲ್ಲ. ಗ್ಯಾಸ್ ಗೀಸರ್ ಇರುವವರು ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇಡಿ; ಒಳಗೆ ಕೊಳವೆಯಲ್ಲಿ ನೀರು ಮಾತ್ರ ಬರಲಿ. ಈ ಒಂದು ಮಾತನ್ನು ಪಕ್ಕದ ಮನೆಗೂ ಹೇಳಿ.

ಮಹಡಿಯ ಟ್ಯಾಂಕಿಯ ವಿಷಯ ಬಾಕಿ ಇದೆ. ನಮ್ಮ ಪಟ್ಟಣಗಳಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ, ಆದ್ದರಿಂದ ನಾವೂ ಡಿಕನ್ಸನ ಕಾಲದವರಂತೆ ತೊಟ್ಟಿ ಕೂರಿಸಿದೆವು. ಅಟ್ಟವಿಲ್ಲದ ಕಾರಣ ತಾರಸಿಯ ಮೇಲೆ. ಈಗ ಮನೆಗೆ ಹೊಸ ಬಚ್ಚಲು ಮಾಡಿಸುವಾಗ ಮಗನೋ ಮಗಳೋ ಅಗಲವಾದ ಶವರಿನ ತಲೆಯನ್ನು ಆರಿಸಿ ತರುತ್ತಾರೆ. ಹಾಕಿದ ಮೇಲೆ ನೀರು ಹನಿಹನಿಯಾಗಿ ಕೆಳಗಿಳಿಯುತ್ತದೆ, ಅಂಗಡಿಯವನಿಗೆ ಬೈಗುಳ. ತಪ್ಪು ಶವರಿನದಲ್ಲ. ಟ್ಯಾಂಕಿಯ ತಳಕ್ಕೂ ಶವರಿಗೂ ಎರಡು ಮೀಟರ್ ಅಂತರವಿದ್ದರೆ ಇಂಗ್ಲೆಂಡಿನ ಅಟ್ಟದ ಕಥೆಯೇ ಇಲ್ಲಿಯೂ. ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಅದೇ ಶವರ್ ಚೆನ್ನಾಗಿ ಬೀಳುತ್ತದೆ, ನೋಡಿ ಬೇಕಾದರೆ. ಸೋಲಾರ್ ಹಾಕಿದವರ ಬಿಸಿನೀರು ಇನ್ನೂ ಮೆಲ್ಲಗೆ ಬರುವುದೂ ಇದರಿಂದಲೇ. ಸೋಲಾರಿನ ಉರುಳೆಗೆ ನೀರು ಇಳಿಯಬೇಕಾದದ್ದು ಅದೇ ಟ್ಯಾಂಕಿಯಿಂದ.

ಇಂಗ್ಲೆಂಡಿನ ಎಲೆಕ್ಟ್ರಿಕ್ ಶವರ್ ನಮಗೆ ಆಗುವುದಿಲ್ಲ. ಎಂಟೂವರೆ ಕಿಲೋವಾಟ್ ಎಂದರೆ 37 ಆಂಪಿಯರ್. ನಮ್ಮ ಸಾಮಾನ್ಯ ಮನೆಗೆ ವಿದ್ಯುತ್ ಇಲಾಖೆ ಮಂಜೂರು ಮಾಡುವುದೇ ಒಂದೋ ಎರಡೋ ಮೂರೋ ಕಿಲೋವಾಟ್. ಮೂರು ಕಿಲೋವಾಟಿನ ಸಣ್ಣ ಗೀಸರಿನಿಂದ, ನೀರು 25 ಡಿಗ್ರಿ ಇದ್ದಾಗ, ನಿಮಿಷಕ್ಕೆ ಮೂರು ಲೀಟರ್ ಬಿಸಿನೀರು ಬಂದರೆ ಪುಣ್ಯ. ಅದಕ್ಕೇ ನಮ್ಮಲ್ಲಿ ಹದಿನೈದು, ಇಪ್ಪತ್ತೈದು ಲೀಟರ್ ಹಿಡಿದಿಟ್ಟು ಕಾಯಿಸುವ ಗೀಸರ್ ನಿಂತದ್ದು. ನಮಗೆ ಉಳಿಯುವುದು ಪಂಪಿನ ದಾರಿ. ತಾರಸಿಯ ಟ್ಯಾಂಕಿಯ ಬುಡಕ್ಕೆ ಸಣ್ಣ ಒತ್ತಡದ ಪಂಪನ್ನು ಹಚ್ಚಿದರೆ ಕೆಲಸವಾಗುತ್ತದೆ. ಗೀಸರು ಅಷ್ಟು ಒತ್ತಡ ತಡೆಯುತ್ತದೆಯೇ ಎಂದು ಅದರ ಮೇಲಿನ ಚೀಟಿ ಓದಿಕೊಳ್ಳಿ. ಸೋಲಾರಿನ ಉರುಳೆಗೆ ಹಚ್ಚುವುದಾದರೆ ಅದನ್ನು ಮಾರಿದವರನ್ನು ಕೇಳದೆ ಹಚ್ಚಬೇಡಿ. ಆದರೆ ಕೆಲವರು ಪಂಪನ್ನು ಬೀದಿಯ ನಳದ ಕೊಳವೆಗೇ ಹಚ್ಚುತ್ತಾರೆ. ನೀರು ಬಿಡುವ ಹೊತ್ತಿಗೆ ಓಣಿಯಲ್ಲಿ ನಾಲ್ಕು ಮೋಟಾರು ಒಟ್ಟಿಗೆ ಗುಂಯ್ ಎನ್ನುತ್ತವೆ. ಓಣಿಯ ಕಡೆಯ ಮನೆಯ ನಳ ಬರೀ ಗಾಳಿ ಉಗುಳುತ್ತದೆ, ಕೊಳವೆಯ ಬಿರುಕು ಚರಂಡಿಯನ್ನು ಹೀರುತ್ತದೆ, ಆ ನೀರು ಹೋಗುವುದು ಮೋಟಾರು ಹಚ್ಚಿದವರ ಟ್ಯಾಂಕಿಗೇ.

ಬಚ್ಚಲು ಮಾಡಿಸಲು ಹೊರಟವರು ಈ ಭಾನುವಾರ ಒಂದು ಕೆಲಸ ಮಾಡಿ. ಟ್ಯಾಂಕಿಯ ತಳಕ್ಕೂ ಶವರ್ ಬರುವ ಜಾಗಕ್ಕೂ ಎಷ್ಟು ಅಂತರವಿದೆ ಎಂದು ಹಗ್ಗ ಇಳಿಬಿಟ್ಟು ಅಳೆಯಿರಿ. ಅಳತೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ.